ಕೋಟಿನ ಮಾವನ ಕೋಣೆ

ಅಂಗಡಿಯಿಂದ
ಮಾರ್ಚ್ ೯, ಭಾನುವಾರ

ಪ್ರೀತಿಯ ಗುಬ್ಬಿ,

ನಿನ್ನ ಹಡಗು ಈಗ ಯಾವ ನೀರಿನಲ್ಲಿದೆಯೋ, ಈ ಕಾಗದ ಯಾವ ಬಂದರಿನಲ್ಲಿ ನಿನ್ನ ಕೈಸೇರುತ್ತದೋ ಗೊತ್ತಿಲ್ಲ. ಎಲ್ಲಿದ್ದರೂ ಹೊಟ್ಟೆತುಂಬ ಉಂಡು ಕಣ್ಣುತುಂಬ ನಿದ್ದೆ ಮಾಡಿಕೊಂಡು ಇದ್ದೀಯ ಎಂದು ನಂಬಿ ಶುರುಮಾಡಿದ್ದೇನೆ. ನಿನ್ನ ಎರಡು ಕಾಗದ ಬಂದು ಕೂತಿವೆ, ಒಂದಕ್ಕೂ ಉತ್ತರ ಬರೆದಿಲ್ಲ. ಬೈಯಬೇಡ ಕಣೋ. ಹಬೆ ಇಸ್ತ್ರಿಯ ಮೆಷಿನ್ನು ಕೈಕೊಟ್ಟಿತು. ರಿಪೇರಿಯವನು ಇವತ್ತು ಬಂದೆ, ನಾಳೆ ಬಂದೆ ಎಂದು ಸತಾಯಿಸಿ, ಕೊನೆಗೆ ಬಂದವನು ಒಂದು ವಾಷರ್ ಬದಲಾಯಿಸಿ ಯುದ್ಧ ಗೆದ್ದವನ ಹಾಗೆ ಹೋದ. ಆಮೇಲೆ ಅಮ್ಮನ ಮಂಡಿನೋವು. ಕಾರಣಗಳಿಗೇನು, ಎಷ್ಟು ಬೇಕಾದರೂ ಕೊಡುತ್ತೇನೆ.

ಅಮ್ಮ ಈಗ ಪರವಾಗಿಲ್ಲ. ಮಂಡಿಗೆ ಪಟ್ಟಿ ಸುತ್ತಿಕೊಂಡು ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಗುಂಡಿ ಹೊಲಿಯುತ್ತಾಳೆ. ರೇಡಿಯೋದಲ್ಲಿ ಹವಾಮಾನ ಹೇಳುವವಳ ಜೊತೆ ದಿನಾ ಜಗಳ. “ಕಿಟಕಿ ತೆಗೆದು ನೋಡೇ ಮಾರಾಯ್ತಿ, ಆಮೇಲೆ ಹೇಳು,” ಎಂದು ರೇಡಿಯೋಗೆ ಬುದ್ಧಿ ಹೇಳುತ್ತಾಳೆ. ಊಟ ಸರಿಯಾಗಿದೆ. ಕಣ್ಣು ಮೊದಲಿನಷ್ಟೇ ಚುರುಕು. ಸೂಜಿಗೆ ದಾರ ಪೋಣಿಸಲು ನನಗಿಂತ ಅವಳೇ ವಾಸಿ.

ಇವತ್ತು ಬರೆಯಲು ಕೂತದ್ದು ಬೇರೆ ವಿಷಯಕ್ಕೆ. ನಮ್ಮ ಚಿತ್ರಕಾರ ಊರಿಗೆ ಬಂದಿದ್ದ, ಗುಬ್ಬಿ. ನಾನು ಹೋಗಿ ನೋಡಿ ಬಂದೆ. ಇದಾಗಿ ಕೆಲವು ವಾರಗಳೇ ಕಳೆದವು. ಅವತ್ತಿನಿಂದ ತಲೆಯೊಳಗೆ ಒಂದು ಗೊಂದಲ. ಯಾರಿಗೆ ಹೇಳಿದರೂ “ಒಂದು ಚಿತ್ರಕ್ಕೆ ಇಷ್ಟು ಯೋಚನೆಯಾ?” ಎನ್ನುತ್ತಾರೆ. ಆ ಚಿತ್ರ ನಮಗೆ ಏನಾಗಿತ್ತು ಎಂದು ತಿಳಿದವನು ನೀನೊಬ್ಬನೇ. ಅದಕ್ಕೇ ನಿನಗೆ.

ಅಪ್ಪ ಹೋದ ಮೇಲೆ ಅಂಗಡಿ ನನ್ನ ಕೈಗೆ ಬಂದ ವರ್ಷ ಅದನ್ನು ತಂದದ್ದು. ಹಳೇ ಸಾಮಾನಿನವನ ಹತ್ತಿರ ಕಟ್ಟಿನ ಸಮೇತ ಸಿಕ್ಕಿತು. ಅಚ್ಚುಹಾಕಿದ ಕಾಗದದ ಚಿತ್ರ: ಒಂದು ಕೋಣೆ, ಸ್ವಲ್ಪ ಹಿಂದೆ ಸರಿದ ಕುರ್ಚಿ, ಮೇಜಿನ ಮೇಲೆ ಎರಡು ಬಟ್ಟಲು, ಅರ್ಧ ತೆರೆದ ಬಾಗಿಲು, ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದ ಒಂದು ಕೋಟು. ನೆಲದ ಮೇಲೆ ಸಂಜೆಯ ಬಿಸಿಲು. ನೀನು ಆಗ ಕೌಂಟರಿನ ಕೆಳಗೆ ಕೂತು ಲೆಕ್ಕ ಮಾಡುತ್ತಿದ್ದೆ. ತಲೆಯೆತ್ತಿ ನೋಡಿ, “ಅಕ್ಕಾ, ಈ ಕೋಟಿನ ಮಾವ ಎಲ್ಲಿಗೆ ಹೋದ?” ಎಂದೆ. ಅಷ್ಟೇ ಸಾಕಾಯಿತು ನಮಗೆ. ದಿನಾ ಸಂಜೆ ಬಟ್ಟೆಗಳಿಗೆ ಚೀಟಿ ಚುಚ್ಚುತ್ತಾ ಕೋಟಿನ ಮಾವನನ್ನು ಎಲ್ಲೆಲ್ಲಿಗೋ ಕಳಿಸುತ್ತಿದ್ದೆವು. ಒಂದು ದಿನ ಹಲ್ಲು ಕೀಳಿಸಲು ಹೋಗಿದ್ದ. ಇನ್ನೊಂದು ದಿನ ಕಳೆದುಹೋದ ಬೆಕ್ಕು ಹುಡುಕಲು. ಎಲ್ಲಿಗೆ ಹೋದರೂ ಕೋಟು ಇಲ್ಲೇ ಇದೆಯಲ್ಲ, ಚಳಿಯಾಗುವುದರೊಳಗೆ ಬಂದೇ ಬರುತ್ತಾನೆ ಎಂಬುದು ನಿನ್ನ ವಾದ.

ಆ ನಿವೃತ್ತ ಮೇಷ್ಟ್ರು ಈಗಲೂ ಬರುತ್ತಾರೆ. “ಕಲೆ ತೆಗೆಯೋ ಅಂಗಡೀಲಿ ಕಲೆ ತಗಲಿಹಾಕಿದ್ದೀಯಲ್ಲಮ್ಮ!” ಎಂಬ ಅದೇ ಮಾತು ಹೇಳಿ ಮೊದಲ ಸಲ ಹೇಳಿದವರ ಹಾಗೇ ನಗುತ್ತಾರೆ. ನಾನೂ ಮೊದಲ ಸಲ ಕೇಳಿದವಳ ಹಾಗೆ ನಗುತ್ತೇನೆ.

ಪ್ರದರ್ಶನದ ಸುದ್ದಿ ತಂದವಳು ಮಾತ್ರೆಯಮ್ಮ. ಪಕ್ಕದ ಔಷಧಿ ಅಂಗಡಿಯವಳಿಗೆ ನೀನೇ ಇಟ್ಟ ಹೆಸರು, ಮರೆತಿಲ್ಲ ತಾನೆ? ಈಗ ಇಡೀ ಬೀದಿ ಹಾಗೇ ಕರೆಯುತ್ತದೆ. ಬೆಳಿಗ್ಗೆ ಬೆಳಿಗ್ಗೆಯೇ ಪೇಪರು ಬೀಸಿಕೊಂಡು ಬಂದಳು.

“ಏನೇ, ನಿನ್ನ ಖಾಲಿ ಕುರ್ಚಿ ಮನುಷ್ಯ ಬಂದಿದಾನೆ ನೋಡಿಲ್ಲಿ. ಇವತ್ತು ಸಂಜೆ ಅವನೇ ಮಾತಾಡ್ತಾನಂತೆ. ನಡಿ ಹೋಗೋಣ.”

“ಅಂಗಡಿ?”

“ಒಂದು ಸಂಜೆ ನೀನು ಬಾಗಿಲು ಹಾಕಿದ್ರೆ ಊರೇನೂ ಬೆತ್ತಲೆ ಓಡಾಡಲ್ಲ. ನಿನ್ನೆಯಿಂದ ನಿನ್ನ ಮುಖ ನೋಡೋಕಾಗ್ತಿಲ್ಲ. ಏನಾಗಿದೆ ಅಂತ ಕೇಳಲ್ಲ, ಎದ್ದು ನಡಿ ಅಷ್ಟೇ.”

ಹಳೇ ಅಂಚೆ ಕಚೇರಿಯ ಕಟ್ಟಡ ನೆನಪಿದೆಯಾ, ಎತ್ತರದ ಕಿಟಕಿಗಳದ್ದು? ಈಗ ಅದಕ್ಕೆ ಸುಣ್ಣ ಬಳಿದು, ದೀಪ ಹಾಕಿ ಚಿತ್ರ ತೂಗುಹಾಕುವ ಜಾಗ ಮಾಡಿದ್ದಾರೆ. ನಾನು ಒಳ್ಳೆಯ ಬಟ್ಟೆ ಹಾಕಿಕೊಂಡಿದ್ದೆ. ನಗಬೇಡ, ಗಂಡಿನ ಕಡೆಯವರ ಮುಂದೆ ಬರುವ ಹುಡುಗಿಗೂ ಇಷ್ಟು ಅಳುಕು ಇರುವುದಿಲ್ಲ.

ಒಳಗೆ ಹೋದವಳು ಬೇರೆ ಯಾವುದನ್ನೂ ನೋಡದೆ ನಮ್ಮ ಚಿತ್ರ ಹುಡುಕಿಕೊಂಡು ಹೋದೆ. ಅದು ಎದುರಿಗೇ ಇತ್ತು, ಅದರ ಮುಂದೆಯೇ ಹಾದುಹೋದೆ. ಗುರುತು ಸಿಗಲಿಲ್ಲ! ಮಾತ್ರೆಯಮ್ಮ ಕೈಹಿಡಿದು ಎಳೆದು, “ಇದೇ ಅಲ್ವೇನೇ?” ಎಂದಳು. ಅದೇ ಕುರ್ಚಿ, ಅದೇ ಎರಡು ಬಟ್ಟಲು, ಅದೇ ಬಾಗಿಲು. ಆದರೆ ಬೆಳಕು ಬೇರೆ. ನೆಲದ ಮೇಲೆ ಸಂಜೆಯ ಬಿಸಿಲಿಲ್ಲ, ಬೆಳಗಿನ ಜಾವದ ನೀಲಿ ಬಣ್ಣದ ಚಳಿ. ಕೋಟು ಕಂದು ಬಣ್ಣದ್ದಲ್ಲ, ಹಸಿರು. ಯಾರೋ ಈಗತಾನೆ ಎದ್ದುಹೋದ ಬೆಚ್ಚನೆಯ ಕೋಣೆ ಅಲ್ಲವೇ ಅಲ್ಲ ಅದು.

ಮೊದಲು ಕೋಪ ಬಂತು, ಚಿತ್ರ ಕೆಡಿಸಿದ್ದಾರೆ ಎಂದು. ಆಮೇಲೆ ಹೊಳೆಯಿತು. ಇದು ಮೂಲ ಚಿತ್ರ, ನಮ್ಮದು ಅಚ್ಚಿನ ಕಾಗದ. ಅಂಗಡಿಯ ಗೋಡೆ ಪಡುವಣಕ್ಕಿದೆ, ಹಬೆ ಬೇರೆ. ಇಷ್ಟು ವರ್ಷದಲ್ಲಿ ಕಾಗದ ಹಳದಿಯಾಗಿದೆ, ನೀಲಿ ಹಾರಿಹೋಗಿದೆ. ಗಿರಾಕಿಗಳಿಗೆ ದಿನಾ ನಾನೇ ಹೇಳುತ್ತೇನಲ್ಲ, “ಬಿಳಿ ಬಟ್ಟೆ ಇಟ್ಟಲ್ಲೇ ಹಳದಿಯಾಗುತ್ತೆ ಸ್ವಾಮಿ, ಅದು ನಮ್ಮ ತಪ್ಪಲ್ಲ,” ಅಂತ. ನನ್ನ ತಲೆಯ ಮೇಲೇ ಅದು ನಡೆಯುತ್ತಿದ್ದದ್ದು ನನಗೆ ಕಾಣಿಸಿರಲಿಲ್ಲ. ನಾನು ಯಾವ ಬಿಸಿಲನ್ನು ಇಷ್ಟಪಟ್ಟೆನೋ ಅದನ್ನು ಅವನು ಬರೆದೇ ಇರಲಿಲ್ಲ, ಗುಬ್ಬಿ.

ಹೋಗಲಿ ಎಂದು ಉಳಿದ ಚಿತ್ರಗಳನ್ನು ನೋಡಿದೆ. ಒಂದೊಂದಾಗಿ ನೋಡಿದ್ದರೆ ಪ್ರಾಣ ಬಿಡುತ್ತಿದ್ದೆನೇನೋ. ಸಾಲಾಗಿ ನೋಡಿದಾಗ ಎಲ್ಲ ಕೋಣೆಯಲ್ಲೂ ಅದೇ ಹಿಂದೆ ಸರಿದ ಕುರ್ಚಿ, ಎಲ್ಲ ಬಾಗಿಲೂ ಅರ್ಧ ತೆರೆದದ್ದೇ. ಮಾತ್ರೆಯಮ್ಮ ಕಿವಿಯಲ್ಲಿ, “ಇವನಿಗೆ ಮನೆ ಬಾಡಿಗೆಗೆ ಕೊಡಿಸೋ ಕೆಲಸ ಇತ್ತೇನೇ?” ಎಂದಳು. ನಗು ತಡೆಯಲಾಗಲಿಲ್ಲ. ನಕ್ಕ ಮೇಲೆ, ಮನೆಯವರನ್ನು ಹೊರಗಿನವರ ಮುಂದೆ ಆಡಿಕೊಂಡ ಹಾಗೆ ಮನಸ್ಸು ಮುದುಡಿಕೊಂಡಿತು.

ಮೂಲೆಯಲ್ಲಿ ಒಂದೇ ಒಂದು ಚಿತ್ರದಲ್ಲಿ ಮನುಷ್ಯರಿದ್ದರು. ಒಬ್ಬ ಹೆಂಗಸು ಕುರ್ಚಿಯ ಮೇಲೆ ಕೂತಿದ್ದಾಳೆ. ಕೆಳಗೆ ‘ಅಕ್ಕ’ ಎಂದು ಹೆಸರು. ಕತ್ತು ಒಂದು ಕಡೆ, ಮುಖ ಇನ್ನೊಂದು ಕಡೆ. ಕೈಗಳನ್ನು ಶಾಲಿನೊಳಗೆ ಬಚ್ಚಿಟ್ಟಿದ್ದಾನೆ. ಚಿತ್ರ ಕಲಿಯುವ ಮಕ್ಕಳೂ ಇದಕ್ಕಿಂತ ಚೆನ್ನಾಗಿ ಬರೆಯುತ್ತಾರೆ. ಜನ ಅದರ ಮುಂದೆ ನಿಲ್ಲುತ್ತಲೇ ಇರಲಿಲ್ಲ. ನಾನು ನಿಂತೆ. ಯಾಕೆಂದು ಕೇಳಿದರೆ ಹೇಳಲಾರೆ.

ಆಮೇಲೆ ಅವರು ಬಂದರು. ನೋಡು, ಇಷ್ಟು ವರ್ಷ ಅವನು, ಇವನು ಎಂದೇ ಕರೆದ ಬಾಯಿಗೆ ಎದುರಿಗೆ ಕಂಡ ಕೂಡಲೇ ಅವರು ಎನ್ನಬೇಕಾಯಿತು. ಅಲ್ಲೇ ಒಂದಿಷ್ಟು ದೂರವಾದ ಹಾಗಾಯಿತು. ಗುಂಡಗೆ, ಗಿಡ್ಡಗೆ, ಯಾವುದೋ ಬ್ಯಾಂಕಿನಲ್ಲಿ ಎದುರು ಕೂತಿರುವವರ ಹಾಗಿದ್ದಾರೆ. ಒಳ್ಳೆಯ ಮಾತುಗಾರರು. ಎಲ್ಲರನ್ನೂ ನಗಿಸುತ್ತಿದ್ದರು. ಮುಂದೆ ಕೂತಿದ್ದ ಕಾಲೇಜಿನ ಹುಡುಗಿಯೊಬ್ಬಳು ಎದ್ದು, “ಸರ್, ನಿಮ್ಮ ಕೋಣೆಗಳಲ್ಲಿ ಯಾಕೆ ಯಾರೂ ಇರಲ್ಲ?” ಎಂದು ಕೇಳಿದಳು. ನನ್ನ ಪ್ರಶ್ನೆಯೇ ಅದು.

“ನಿಜ ಹೇಳ್ಬಿಡ್ಲಾ?” ಎಂದರು. “ನಂಗೆ ಮನುಷ್ಯರನ್ನ ಬರೆಯೋಕೆ ಬರಲ್ಲಮ್ಮ. ಕೈ ಬರೆದ್ರೆ ಕ್ಯಾರೆಟ್ ಕಟ್ಟು ಆಗುತ್ತೆ. ಒಂದು ಸಲ ನಮ್ಮಕ್ಕನ್ನ ಕೂರಿಸ್ಕೊಂಡು ಬರೆದೆ, ನೋಡಿ ಅತ್ತುಬಿಟ್ಲು, ‘ನಾನು ಹೀಗಿದೀನೇನೋ?’ ಅಂತ. ಆವತ್ತೇ ಜನರನ್ನ ಹೊರಗೆ ಕಳಿಸ್ಬಿಟ್ಟೆ. ಕುರ್ಚಿ ಅಳಲ್ಲ ನೋಡಿ.”

ಸಭೆ ಬಿದ್ದುಬಿದ್ದು ನಕ್ಕಿತು. ಮಾತ್ರೆಯಮ್ಮ ಚಪ್ಪಾಳೆ ಹೊಡೆದಳು. ನನಗೇನಾಯಿತೋ, ಎದ್ದು ನಿಂತೆ. ಅಷ್ಟು ಜನರ ಮುಂದೆ ನಾನು ಎಂದೂ ಬಾಯಿ ತೆರೆದವಳಲ್ಲ.

“ಹಾಗಾದ್ರೆ ಬಾಗಿಲು ಯಾಕೆ ತೆರೆದಿರುತ್ತೆ?”

“ಬೆಳಕಿಗೆ. ಮುಚ್ಚಿದ್ರೆ ಆ ಮೂಲೆ ಸತ್ತುಹೋಗುತ್ತೆ.”

“ಕೋಟು? ಆ ಹಸಿರು ಕೋಟು ಯಾರದು?”

ಅವರು ತಿರುಗಿ ಗೋಡೆಯ ಮೇಲಿನ ಆ ಚಿತ್ರ ನೋಡಿದರು. ನೆನಪಿಸಿಕೊಳ್ಳುತ್ತಿದ್ದಾರೆ ಎಂದು ನಾನು ಆಸೆಯಿಂದ ನೋಡುತ್ತಿದ್ದೆ. “ಯಾರದೂ ಅಲ್ಲ ಅನ್ಸುತ್ತೆ,” ಎಂದರು. “ಬಾಗಿಲ ಹಿಂದೆ ಒಂದಿಷ್ಟು ಗಾಢ ಬಣ್ಣ ಬೇಕಿತ್ತು. ಕೋಟು ಬರೆಯೋದು ಸುಲಭ.”

ಕೂತುಬಿಟ್ಟೆ. ಸುಳ್ಳು ಹೇಳಿದ್ದರೆ ಬೈಯಬಹುದಿತ್ತು. ಪಾಪ, ನಿಜವನ್ನೇ ಹೇಳಿದರು.

ಇಲ್ಲಿಗೆ ಮುಗಿದಿದ್ದರೆ ನಾನು ಸುಮ್ಮನೆ ಬೇಜಾರು ಮಾಡಿಕೊಂಡು ಮನೆಗೆ ಬರುತ್ತಿದ್ದೆ. ಆದರೆ ಚಹಾ ಕೊಡುವ ಹೊತ್ತಿಗೆ ಅವರೇ ನನ್ನನ್ನು ಹುಡುಕಿಕೊಂಡು ಬಂದರು. “ಕೋಟಿನ ಬಗ್ಗೆ ಕೇಳಿದವರು ನೀವಲ್ವಾ? ಯಾಕೆ ಕೇಳಿದ್ರಿ?” ಎಂದರು. ದೊಡ್ಡಸ್ತಿಕೆ ಇಲ್ಲ, ಕೈಯಲ್ಲಿ ಚಹಾದ ಲೋಟ ಹಿಡಿದು ನಿಜವಾಗಿ ತಿಳಿಯುವ ಮನಸ್ಸಿನಿಂದಲೇ ಕೇಳಿದರು. ನಾನು ಹೇಳಿಬಿಟ್ಟೆ. ಅಂಗಡಿಯದ್ದು, ನಿನ್ನದು, ಕೋಟಿನ ಮಾವನದ್ದು, ಎಲ್ಲ. “ಕೋಟು ಬಿಟ್ಟುಹೋದವರು ತಿರುಗಿ ಬಂದೇ ಬರ್ತಾರೆ ಅಂತ ನಾವು ಅಂದುಕೊಂಡಿದ್ವಿ. ಆ ಕೋಣೆ ಕಾಯ್ತಾ ಇದೆ ಅಂತ,” ಎಂದೆ. ಅವರು ತಲೆ ಅಲ್ಲಾಡಿಸುತ್ತಾ ಕೇಳಿದರು. ಅವರ ಕಣ್ಣಲ್ಲಿ ನೀರಾಡಿತು, ಆಣೆಮಾಡಿ ಹೇಳುತ್ತೇನೆ. “ನಾನು ಬರೆದದ್ದಕ್ಕಿಂತ ನೀವು ನೋಡಿದ್ದೇ ಚೆನ್ನಾಗಿದೆ ತಾಯಿ,” ಎಂದು ನನ್ನ ಕೈ ಹಿಡಿದುಕೊಂಡರು. ಕೈ ಬೆಚ್ಚಗಿತ್ತು. ಆ ಕ್ಷಣ ಎಲ್ಲ ಸರಿಹೋಯಿತು ಅನ್ನಿಸಿತು.

ಅಷ್ಟರಲ್ಲಿ ಪತ್ರಿಕೆಯವನೊಬ್ಬ ಬಂದ. ಅವರು ಅತ್ತ ತಿರುಗಿದರು. ನಾನು ಇನ್ನೂ ಅವರ ಬೆನ್ನ ಹಿಂದೆಯೇ ಇದ್ದೆ, ಗುಬ್ಬಿ, ಎರಡು ಮಾರು ದೂರವೂ ಇಲ್ಲ. ಪತ್ರಿಕೆಯವನು ಅದನ್ನೇ ಕೇಳಿದ, ಖಾಲಿ ಕೋಣೆಗಳು ಯಾಕೆ ಎಂದು. ಅವರು ಲೋಟ ಕೆಳಗಿಟ್ಟು, ದನಿ ತಗ್ಗಿಸಿ ಹೇಳಿದರು: “ಅವು ಖಾಲಿ ಅಲ್ಲ. ಕಾಯ್ತಾ ಇವೆ. ನೋಡಿ, ಬಾಗಿಲ ಹಿಂದೆ ಕೋಟಿದೆ. ಕೋಟು ಬಿಟ್ಟುಹೋದವರು ತಿರುಗಿ ಬಂದೇ ಬರ್ತಾರೆ.”

ಅವನು ಬರೆದುಕೊಂಡ. ಮರುದಿನದ ಪೇಪರಿನಲ್ಲಿ ಅದೇ ದಪ್ಪಕ್ಷರದ ತಲೆಬರಹ.

ಪಕ್ಕದಲ್ಲೇ ನಿಂತು ಕೇಳಿಸಿಕೊಂಡಿದ್ದ ಮಾತ್ರೆಯಮ್ಮನಿಗೆ ಅಲ್ಲೇ ಮೈಯೆಲ್ಲ ಉರಿದುಹೋಯಿತು. “ಹೋಗಿ ಮುಖಕ್ಕೆ ಹೊಡೆದ ಹಾಗೆ ಕೇಳು. ಕೇಳಲ್ಲ ಅಂದ್ರೆ ನಾನೇ ಕೇಳ್ತೀನಿ,” ಎಂದು ಸೆರಗು ಸಿಕ್ಕಿಸಿಕೊಂಡಳು. ನಾನೇ ಹಿಡಿದು ಹೊರಗೆ ಕರೆದುಕೊಂಡು ಬಂದೆ. ಕೇಳುವುದಾದರೂ ಏನನ್ನು? ನನ್ನ ಮಾತು ಕದ್ದಿರಿ ಎಂದೇ? ಅದು ಅವರ ಚಿತ್ರದಿಂದಲೇ ಹುಟ್ಟಿದ ಮಾತು. ಸುಳ್ಳು ಹೇಳಿದಿರಿ ಎಂದೇ? ಅವರ ದನಿ ಕೇಳಿದ್ದರೆ ನೀನೂ ನಂಬುತ್ತಿದ್ದೆ. ಅಷ್ಟು ಹೊತ್ತಿಗೆ ಅವರೂ ನಂಬಿದ್ದರೋ ಏನೋ. ನನ್ನ ಬಾಯಲ್ಲಿ ಇಷ್ಟು ವರ್ಷ ನಿಜವಾಗಿದ್ದ ಮಾತು ಅವರ ಬಾಯಿಗೆ ಹೋದ ಕೂಡಲೇ ಪೊಳ್ಳಾಗಿ ಕೇಳಿಸಿತು. ಮತ್ತೆ ನನ್ನ ಬಾಯಲ್ಲೇ ಹೇಳಿಕೊಂಡು ನೋಡಿದೆ, ಬಸ್ಸಿನಲ್ಲಿ, ಮೆಲ್ಲಗೆ. ಆಗಲೂ ಹಾಗೇ ಕೇಳಿಸಿತು. ಪಕ್ಕದಲ್ಲಿದ್ದವನು ಎದ್ದು ಬೇರೆ ಸೀಟಿಗೆ ಹೋದ.

ಮರುದಿನ ಚಿತ್ರ ಕೆಳಗಿಳಿಸಿದೆ. ಗೋಡೆಯಲ್ಲಿ ಅಷ್ಟಗಲ ಬೆಳ್ಳಗೆ ಚೌಕ. ಅದನ್ನು ನೋಡಲಾಗದೆ ತಿರುಗಿ ತೂಗುಹಾಕಿದೆ. ಮಧ್ಯಾಹ್ನ ಮತ್ತೆ ಇಳಿಸಿದೆ. ಅಮ್ಮ ಒಳಗಿನಿಂದ ನೋಡುತ್ತಲೇ ಇದ್ದವಳು, “ಏನೇ ಅದು, ಕೂಸಿನ ಹಾಗೆ ಎತ್ತೋದು ಇಳಿಸೋದು?” ಎಂದಳು. ನಡೆದದ್ದನ್ನು ಹೇಳಿದೆ. ಅವಳು ದಾರ ಕಚ್ಚಿ ತುಂಡುಮಾಡಿ, “ನಂಗಂತೂ ಅದು ಯಾವಾಗ್ಲೂ ಮನೆ ಖಾಲಿ ಮಾಡ್ಕೊಂಡು ಹೋದ ಹಾಗೆ ಕಾಣ್ತಿತ್ತು. ನೀವಿಬ್ರೂ ಅಷ್ಟು ಖುಷಿಯಾಗಿದ್ರಿ ಅಂತ ಸುಮ್ನಿದ್ದೆ,” ಎಂದಳು. ಒಂದೇ ಗೋಡೆಯ ಒಂದೇ ಚಿತ್ರ, ಒಂದೇ ಸೂರಿನಡಿ ಇಷ್ಟು ವರ್ಷ! ಅವಳು ಏನು ನೋಡುತ್ತಿದ್ದಳೆಂದು ನಾನು ಕೇಳಿಯೇ ಇರಲಿಲ್ಲ.

ಈಗ ಚಿತ್ರ ಅಲಮಾರಿಯ ಪಕ್ಕದಲ್ಲಿ ಗೋಡೆಗೆ ಮುಖಮಾಡಿ ನಿಂತಿದೆ. ಮೇಷ್ಟ್ರು ಬಂದು ಗೋಡೆ ನೋಡಿ, ಹೇಳಬೇಕಾದ ಮಾತು ಹೇಳಲಾಗದೆ ಚೀಟಿ ಕೊಟ್ಟು ಬಟ್ಟೆ ತೆಗೆದುಕೊಂಡು ಹೋದರು. ಅವರ ಮುಖ ನೋಡಿ ಅಯ್ಯೋ ಅನ್ನಿಸಿತು. ಬಿಸಾಡಲು ಮನಸ್ಸಿಲ್ಲ, ತೂಗುಹಾಕಲು ಕೈ ಬರುವುದಿಲ್ಲ. ನನಗೆ ಬೇಜಾರಾಗಿರುವುದು ಆ ಮನುಷ್ಯನ ಮೇಲೋ, ಚಿತ್ರದ ಮೇಲೋ, ಅಷ್ಟು ಸುಲಭವಾಗಿ ನಂಬಿಕೊಂಡು ಬಂದ ನನ್ನ ಮೇಲೋ, ಬಿಡಿಸಿ ನೋಡಿದಷ್ಟೂ ಗಂಟು ಬಿಗಿಯಾಗುತ್ತಿದೆ. ಒಂದು ದಿನ ಅವರು ಒಳ್ಳೆಯವರೆನ್ನಿಸುತ್ತದೆ: ಬರದ ಕೆಲಸವನ್ನು ಬರುವುದಿಲ್ಲ ಎಂದು ಎಷ್ಟು ಜನ ಸಭೆಯಲ್ಲಿ ಹೇಳುತ್ತಾರೆ? ಮರುದಿನ ಆ ತಲೆಬರಹ ನೆನಪಾಗಿ ಇಸ್ತ್ರಿಯಲ್ಲಿ ಕೈ ಸುಟ್ಟುಕೊಳ್ಳುತ್ತೇನೆ. ನಿನಗೆ ಏನನ್ನಿಸುತ್ತದೆ ಬರಿ. ಚಿತ್ರ ಏನು ಮಾಡಲಿ ಎಂಬುದನ್ನೂ ಬರಿ. ಅದರಲ್ಲಿ ಅರ್ಧ ನಿನ್ನದು.

ಎಂಜಿನ್ನಿನ ಕೋಣೆಯಲ್ಲಿ ಸೆಕೆ ಜಾಸ್ತಿ ಎಂದು ಬರೆದಿದ್ದೆ. ನೀರು ಕುಡಿಯುತ್ತಿರು. ಬೆವರಿದ ಮೈಯಲ್ಲಿ ಮೇಲಿನ ಗಾಳಿಗೆ ಹೋಗಿ ನಿಲ್ಲಬೇಡ, ಮೊದಲಿಂದ ನಿನ್ನದು ಶೀತದ ಮೈ. ಎಣ್ಣೆಯ ಕಲೆ ಆದ ಬಟ್ಟೆಗೆ ಬಿಸಿನೀರು ಹಾಕಬೇಡ, ಕಲೆ ಕೂತುಬಿಡುತ್ತದೆ ಎಂದು ಎಷ್ಟು ಸಲ ಹೇಳಿದ್ದೇನೆ. ನೀನಿರುವ ನೀರು ಶಾಂತವಾಗಿರಲಿ. ನಿನ್ನ ಕೈಕಾಲು ಗಟ್ಟಿಯಾಗಿರಲಿ, ಜೊತೆಯವರು ಒಳ್ಳೆಯವರಾಗಿರಲಿ. ಅಮ್ಮ ತಲೆ ಸವರಿದಳೆಂದು ತಿಳಿದುಕೋ.

ಯಾವಾಗಲೂ ನಿನ್ನ ಒಳ್ಳೆಯದನ್ನೇ ಬಯಸುವ,
ಅಕ್ಕ

ತಾ.ಕ.: ಕಾಗದ ಮಡಚಿ ಲಕೋಟೆಗೆ ಹಾಕಿದ್ದೆ. ಮತ್ತೆ ತೆಗೆದೆ.

ಪ್ರದರ್ಶನಕ್ಕೆ ಹೋದ ಹಿಂದಿನ ದಿನ ನಿಮ್ಮ ಹಡಗಿನ ಅಡುಗೆಯವರು ಬಂದಿದ್ದರು. ರಜೆಯ ಮೇಲೆ ತಮ್ಮ ಊರಿಗೆ ಹೋಗುವ ದಾರಿಯಲ್ಲಿ ಇಳಿದು, ನೀನು ಹೇಳುತ್ತಿದ್ದ ಗುರುತಿನ ಮೇಲೆ ಅಂಗಡಿ ಹುಡುಕಿಕೊಂಡು ಬಂದರಂತೆ. ಎಷ್ಟು ಸಂತೋಷಪಟ್ಟೆ ಗೊತ್ತಾ? ಕೂರಿಸಿ ಚಹಾ ಕೊಟ್ಟೆ, ನಿನ್ನ ಬಗ್ಗೆ ಕೇಳಿದ್ದನ್ನೇ ಕೇಳಿದೆ. ಹೊರಡುವಾಗ ಮೆಟ್ಟಿಲ ಮೇಲೆ ನಿಂತು, “ನಿಮ್ಮ ತಮ್ಮನಂಥ ಮನಸ್ಸು ಯಾರಿಗೂ ಇಲ್ಲಮ್ಮ. ಎರಡು ಸಲ ಅವನ ರಜೆಯ ಸರದಿ ಬಂತು, ಎರಡು ಸಲಾನೂ ಬಿಟ್ಟುಕೊಟ್ಟ. ಈ ಸಲ ನನಗೇ ಕೊಟ್ಟ. ‘ಮನೆ ಅಂತ ಇರೋರು ಹೋಗಿ ಬನ್ನಿ’ ಅಂದ,” ಎಂದರು. ಹೊಗಳಿಯೇ ಹೇಳಿದರು. ನಾನೂ ಹೊಗಳಿಕೆ ಕೇಳಿದವಳ ಹಾಗೆ ನಕ್ಕು ಕಳಿಸಿಕೊಟ್ಟೆ.

ರಜೆ ಸಿಗಲಿಲ್ಲ ಎಂದು ನೀನು ಬರೆದ ಎರಡೂ ಕಾಗದವನ್ನು ನಾನು ಅಮ್ಮನಿಗೆ ಗಟ್ಟಿಯಾಗಿ ಓದಿ ಹೇಳಿದ್ದೆ. ಅಡುಗೆಯವರು ಮಾತಾಡುವಾಗ ಅವಳು ಒಳಗಿದ್ದಳು. ಕೇಳಿಸಿತೋ ಇಲ್ಲವೋ ತಿಳಿಯದು. ನೀನು ಯಾವಾಗ ಬರುತ್ತೀಯ ಎಂದು ದಿನಾ ಕೇಳುತ್ತಿದ್ದವಳು ಅವತ್ತಿನಿಂದ ಒಂದು ಸಲವೂ ಕೇಳಿಲ್ಲ.

ಆ ಮಾತು ನೀನು ಅಂದದ್ದು ಹೌದಾ? ತಮಾಷೆಗೆ ಅಂದಿದ್ದರೆ ತಮಾಷೆ ಎಂದು ಬರಿ, ನಂಬುತ್ತೇನೆ. ನಿಜವಾಗಿ ಅಂದಿದ್ದರೆ ಯಾಕೆ ಎಂದು ಬರಿ. ಅಮ್ಮನಿಗೆ ಓದಿ ಹೇಳಲು ಜೊತೆಗೆ ಇನ್ನೊಂದು ಕಾಗದ ಬೇರೆ ಇಡು.